ಮೂರು ದಿನಕ್ಕೆ ಪಣಜಿ

ತಾಂಬಾ
2 ಫೆಬ್ರುವರಿ 2025

ಅಪ್ಪಾ,

ನಾನು ಆರಾಮಿದ್ದೇನೆ ಎಂದು ಬರೆದರೆ ಅರ್ಧ ಸುಳ್ಳು. ಮೈ ಆರಾಮಿದೆ, ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ. ಈ ಹೈಸ್ಕೂಲಿಗೆ ಬಂದು ಎಂಟು ವರ್ಷವಾಯಿತು. ಬೆಳಿಗ್ಗೆ ಪ್ರಾರ್ಥನೆಗೆ ನಿಂತಾಗ ಮಕ್ಕಳ ತಲೆಯ ಮೇಲಿಂದ ರಸ್ತೆ ಕಾಣುತ್ತದೆ. ಇಂಡಿ ಕಡೆ ಒಂದು ಬಸ್ಸು ಹೋಗುತ್ತದೆ, ಸಿಂದಗಿ ಕಡೆ ಒಂದು. ಯಾವುದು ಮೊದಲು ಬಂದರೆ ಅದನ್ನು ಹತ್ತಿಬಿಡೋಣ ಅನ್ನಿಸುತ್ತದೆ.

ವಿಜ್ಞಾನ ಕಲಿಸುವ ಪಲ್ಲವಿ ಟೀಚರ್ ನಿನಗೆ ಗೊತ್ತು. ಹೋದ ವರ್ಷ ನಮ್ಮ ಮನೆಗೆ ಬಂದು ಕುರಿಮರಿಗಳ ಫೋಟೋ ತೆಗೆದವಳು. ಅವಳಿಗೂ ಇದೇ ರೋಗ. ಏಪ್ರಿಲ್ ರಜೆಯಲ್ಲಿ ಮೂರು ದಿನ ಎಲ್ಲಿಯಾದರೂ ಹೋಗಿ ಬರೋಣ ಎಂದು ಇಬ್ಬರೂ ಕೂತು ಊರುಗಳ ಹೆಸರು ಬರೆದೆವು. ಮೈಸೂರು ದೂರವಾಯಿತು, ಹೈದರಾಬಾದಿನಲ್ಲಿ ಬಿಸಿಲು. ಕೊನೆಗೆ ಉಳಿದದ್ದು ಪಣಜಿ. ಮೊಬೈಲಿನಲ್ಲಿ ಹುಡುಕಿದರೆ ಒಬ್ಬರು ಮೂರು ದಿನ ಸಾಲುವುದೇ ಇಲ್ಲ ಎನ್ನುತ್ತಾರೆ. ಇನ್ನೊಬ್ಬರು ಅರ್ಧ ದಿನಕ್ಕೇ ಬೇಸರ ಬಂತು, ಎಲ್ಲ ದುಬಾರಿ ಎನ್ನುತ್ತಾರೆ. ಪಲ್ಲವಿ ನನ್ನ ಮುಖ ನೋಡಿ, "ಯಾರ್ಯಾರನ್ನೋ ಯಾಕ ಕೇಳ್ತೀರಿ? ನಿಮ್ಮ ಅಪ್ಪಾರು ಅಲ್ಲೇ ಇದ್ರಲ್ಲ" ಎಂದಳು.

ನನಗೆ ನಾಚಿಕೆಯಾಯಿತು. ಸುಗ್ಗಿ ಮುಗಿದ ಮೇಲೆ ಹೋಗಿ ಮುಂಗಾರಿಗೆ ಬರುತ್ತಾ ನೀನು ಏಳು ವರ್ಷ ಅಲ್ಲಿ ಕಲ್ಲು ಒಡೆದಿದ್ದೀಯ. ಕಲ್ಲಿನ ಖಣಿಯಲ್ಲಿ ಮದ್ದು ಸಿಡಿದು ನಿನ್ನ ಕಿವಿ ಹೋಯಿತು, 2003ರಲ್ಲಿ ಬಂದವನು ಮತ್ತೆ ಹೋಗಲಿಲ್ಲ. ನನಗೆ ಗೊತ್ತಿರುವುದು ಇಷ್ಟೇ. ಆ ಊರು ಹೇಗಿದೆ ಎಂದು ನಾನು ಒಂದು ಸಲವೂ ಕೇಳಿಲ್ಲ.

ಈಗ ಕೇಳುತ್ತಿದ್ದೇನೆ. ಮೂರು ದಿನಕ್ಕೆ ಹೋಗಲು ಯೋಗ್ಯವೇ? ಏನು ನೋಡಬೇಕು? ನಿನ್ನ ಮೊಬೈಲಿನಲ್ಲಿ ಕನ್ನಡ ಬರೀ ಡಬ್ಬಿ ಡಬ್ಬಿಯಾಗಿ ಕಾಣುತ್ತದೆ, ಫೋನಿನಲ್ಲಿ ಮಾತಾಡಿದರೆ ನಿನಗೆ ಕೇಳುವುದಿಲ್ಲ. ಅದಕ್ಕೇ ಈ ಕಾಗದ. ಬೇಗ ಬರೆ.

ನಿನ್ನ ಮಗಳು
ಸುಜಾತಾ


ಢವಳಗಿ
14 ಫೆಬ್ರುವರಿ 2025

ಯವ್ವಾ ಸುಜಾತಾ,

ನಿನ್ನ ಪತ್ರ ಮುಟ್ಟಿತು. ಎರಡು ಕುರಿ ಈದಿವೆ. ಒಂದು ಮರಿಗೆ ಕಾಲು ಸೊಟ್ಟ ಇದೆ, ಬದುಕುತ್ತದೆ. ಕಡಲೆ ಈ ಸಲ ಪರವಾಗಿಲ್ಲ.

ಪಣಜಿಯಲ್ಲಿ ಏನೂ ಇಲ್ಲ. ಸಮುದ್ರ ಅಂದರೆ ನೀರು, ಅದೂ ಉಪ್ಪು ನೀರು, ಕುಡಿಯಲು ಬರುವುದಿಲ್ಲ. ಏಪ್ರಿಲ್‌ನಲ್ಲಿ ಮೈಯೆಲ್ಲ ಬೆವರು. ನೀರು ನೋಡುವ ಆಸೆಯಿದ್ದರೆ ಆಲಮಟ್ಟಿಗೆ ಹೋಗು. ಅಲ್ಲಿ ತೋಟವೂ ಇದೆ, ಸಂಜೆಯೊಳಗೆ ಮನೆಗೂ ಬರಬಹುದು. ಮೂರು ದಿನ ರಜೆ ಇದ್ದರೆ ಇಲ್ಲಿಗೆ ಬಾ, ನಿಮ್ಮವ್ವನಿಗೆ ಮೊಣಕಾಲು ನೋವು.

ಇಂತಿ ನಿನ್ನ ಅಪ್ಪ
ಮಾಳಿಂಗ


ತಾಂಬಾ
2 ಮಾರ್ಚ್ 2025

ಅಪ್ಪಾ,

ಶಿವರಾತ್ರಿಗೆ ಬಂದು ಹೋದಾಗಿನಿಂದ ನನಗೆ ಸಮಾಧಾನವಿಲ್ಲ. ನಾನು ಪಾಟಿಯ ಮೇಲೆ ಬಳಪದಿಂದ ಬರೆದದ್ದು ಒಂದೇ ಸಾಲು: "ಪಣಜಿಯಲ್ಲಿ ನೀನು ಎಲ್ಲಿ ಇರುತ್ತಿದ್ದೆ?" ನೀನು ಅದನ್ನು ಓದಿ, ತಟ್ಟೆಯಲ್ಲಿದ್ದ ಅರ್ಧ ರೊಟ್ಟಿ ಬಿಟ್ಟು ಎದ್ದು ಹಟ್ಟಿಗೆ ಹೋದೆ. ಕುರಿಗಳಿಗೆ ನೀನು ಆಗಷ್ಟೇ ಸೊಪ್ಪು ಹಾಕಿ ಬಂದಿದ್ದೆ. ಮತ್ತೆ ಹಾಕಲು ಏನಿತ್ತು?

ಅವ್ವನನ್ನು ಕೇಳಿದೆ. ಅವಳು ಒಲೆಯ ಮುಂದಿನಿಂದ ಏಳದೆ ಹೇಳಿದಳು: "ಗೋವಾದ ಸುದ್ದಿ ಅವರ ಮುಂದ ತಗೀಬ್ಯಾಡವಾ. ಅಲ್ಲಿ ಅವರ ಜೋಡಿ ಇದ್ದಾಂವ ಒಬ್ಬ ಸತ್ತ. ಸಿಂದಗಿ ಕಡೆಯಾಂವ. ಇಬ್ಬರೂ ಒಂದ ತಾಟಿನ್ಯಾಗ ಉಣ್ಣೋರು. ಅಲ್ಲಿಂದ ಬಂದ ಮ್ಯಾಲ ಇವರು ಆರು ತಿಂಗಳ ಯಾರ ಜೋಡಿನೂ ಮಾತಾಡಲಿಲ್ಲ."

ಗೆಳೆಯನನ್ನು ಕಳೆದುಕೊಂಡ ಊರನ್ನು ನೆನೆಯಲು ನಿನಗೆ ಕಷ್ಟ ಎಂದು ತಿಳಿಯಿತು. ಅದನ್ನೇ ಬರೆದಿದ್ದರೆ ನಾನು ಸುಮ್ಮನಾಗುತ್ತಿದ್ದೆ. ಆಲಮಟ್ಟಿಗೆ ಹೋಗು ಎಂದು ಬರೆದೆ! ಆಲಮಟ್ಟಿಗೆ ಮಕ್ಕಳನ್ನು ಕರೆದುಕೊಂಡು ಆರು ಸಲ ಹೋಗಿದ್ದೇನಪ್ಪಾ. ಅಲ್ಲಿಯ ಕಾರಂಜಿ ಯಾವ ಹಾಡಿಗೆ ಎಷ್ಟು ಎತ್ತರ ಏರುತ್ತದೆ ಎಂಬುದೂ ನನಗೆ ಬಾಯಿಪಾಠ.

ಟಿಕೆಟ್ ಆಗಿದೆ. ಏಪ್ರಿಲ್ 20ಕ್ಕೆ ಹೊರಡುತ್ತೇವೆ. ನೀನು ಬರೆದರೂ ಹೋಗುತ್ತೇನೆ, ಬರೆಯದಿದ್ದರೂ ಹೋಗುತ್ತೇನೆ. ಬರೆದರೆ ನಿನ್ನ ಕಣ್ಣಿನಿಂದ ಸ್ವಲ್ಪ ನೋಡಿದಂತಾಗುತ್ತದೆ.

ಸುಜಾತಾ


ಢವಳಗಿ
23 ಮಾರ್ಚ್ 2025

ಯವ್ವಾ ಸುಜಾತಾ,

ಹೋಗುವವಳು ಹೋಗೇ ಹೋಗುತ್ತೀ. ಹಟ ನಿಮ್ಮವ್ವನದು.

ಪಣಜಿಯಲ್ಲಿ ನೋಡಬೇಕಾದದ್ದು ಹೇಳುತ್ತೇನೆ. ಹೊಳೆಯ ದಂಡೆಗುಂಟ ನಡೆದು ಹೋದರೆ ಒಂದು ಕಡೆ ಕಪ್ಪು ಕಲ್ಲಿನ ಗೋಡೆ ಬರುತ್ತದೆ. ಮೇಲೆ ಕೆಂಪು ಕಲ್ಲು ಇರಿಸಿದ್ದಾರೆ, ಕೆಳಗಿನದು ಕಪ್ಪು. ಆ ಕಪ್ಪು ಕಲ್ಲು ನಾವು ಒಡೆದದ್ದು. ಅದನ್ನು ಕೈಯಿಂದ ಮುಟ್ಟಿ ನೋಡು. ಗುಡ್ಡದ ಮೇಲೆ ದೊಡ್ಡ ಮಂದಿಯ ಮನೆಗಳಿವೆ. ಅಲ್ಲಿಗೆ ಹತ್ತುವ ಮೆಟ್ಟಿಲುಗಳಲ್ಲಿ ಕೆಳಗಿನ ಹದಿನಾಲ್ಕು ನಮ್ಮವು. ಮೇಲಿನವು ಬೇರೆಯವರು ಹಾಕಿದ್ದು, ಏರು ತಪ್ಪಿದೆ, ಮುಗ್ಗರಿಸುತ್ತೀ, ನೋಡಿಕೊಂಡು ಹತ್ತು.

ಹೊಳೆ ದಾಟಿಸುವ ದೊಡ್ಡ ದೋಣಿ ಇದೆ. ಐತವಾರ ಕೆಲಸ ಇರುತ್ತಿರಲಿಲ್ಲ. ನಾವಿಬ್ಬರೂ ಅದರಲ್ಲಿ ಆಚೆ ದಂಡೆಗೆ ಹೋಗುವುದು, ಇಳಿಯದೆ ಈಚೆ ಬರುವುದು, ಮತ್ತೆ ಹೋಗುವುದು. ಮಧ್ಯಾಹ್ನದ ತನಕ ಅದೇ. ಗಾಳಿ ಚೆನ್ನಾಗಿರುತ್ತಿತ್ತು.

ಮೀನು ನಿನಗೆ ಸೇರುವುದಿಲ್ಲ. ರೊಟ್ಟಿ ಕಟ್ಟಿಕೊಂಡು ಹೋಗು.

ಇನ್ನೂ ಒಂದು ಮಾತು ಬರೆಯುವುದಿದೆ. ಆಗುವುದಾದರೆ ಬರೆಯುತ್ತೇನೆ.

ಅಪ್ಪ


ಢವಳಗಿ
13 ಏಪ್ರಿಲ್ 2025

ಸುಜಾತಾ,

ನೀನು 20ಕ್ಕೆ ಹೊರಡುವ ಮೊದಲು ಇದು ಮುಟ್ಟಬೇಕೆಂದು ಮುದ್ದೇಬಿಹಾಳಕ್ಕೇ ಹೋಗಿ ಅಂಚೆ ಡಬ್ಬಿಗೆ ಹಾಕುತ್ತಿದ್ದೇನೆ.

ಅಲ್ಲಿ ಗೈಬುಸಾಬ ಎಂಬುವನು ಇದ್ದಾನೆಯೇ ಎಂದು ಕೇಳು. ಸಿಂದಗಿ ಕಡೆಯವನು, ನನ್ನ ವಯಸ್ಸು. ಎಡಗೈ ಮಣಿಕಟ್ಟಿನಿಂದ ಇಲ್ಲ. ನಮ್ಮ ಕಡೆಯ ಮಂದಿ ಅಲ್ಲಿ ಬಹಳ ಇದ್ದಾರೆ, ಯಾರಾದರೂ ಹೇಳುತ್ತಾರೆ. ಸಿಕ್ಕರೆ ನನ್ನ ಹೆಸರು ಹೇಳಬೇಡ. ಯಾರ ಮಗಳು ಎಂದರೆ ಬೇರೆ ಹೆಸರು ಹೇಳು. ಊಟಕ್ಕೆ ಹೇಗೆ, ಯಾರ ಹತ್ತಿರ ಇದ್ದಾನೆ, ಅಷ್ಟು ನೋಡಿಕೊಂಡು ಬಾ.

ಅವ್ವನಿಗೆ ಈ ಪತ್ರದ ಸುದ್ದಿ ಬೇಡ.

ಅಪ್ಪ


ಪಣಜಿ
17 ಏಪ್ರಿಲ್ 2025

ಅಪ್ಪಾ,

ಆಶ್ಚರ್ಯಪಡಬೇಡ, ಹೇಳಿದ ದಿನಕ್ಕಿಂತ ಮೊದಲೇ ಬಂದೆವು. ಪಲ್ಲವಿಯ ಅಣ್ಣನ ಮನೆಯಲ್ಲಿ ಅದೇ 20ಕ್ಕೆ ಕಾರ್ಯಕ್ರಮವಿದೆ ಎಂದು ಟಿಕೆಟ್ ಬದಲಿಸಿದೆವು. ಇಂದು ಮೂರನೆಯ ದಿನ. ಸಂಜೆಯ ಬಸ್ಸಿಗೆ ನೆಟ್ಟಗೆ ಅವರ ಮನೆಗೆ.

ಗೋಡೆ ಸಿಕ್ಕಿತು. ಮುಟ್ಟಿದೆ. ಬಿಸಿಲಿಗೆ ಕಾದಿತ್ತು, ಕೈ ಚುರುಕ್ ಎಂದಿತು. ಅದರ ಮೇಲೆ ಜನ ಕೂತು ಐಸ್‌ಕ್ರೀಂ ತಿನ್ನುತ್ತಿದ್ದರು. ಮೆಟ್ಟಿಲುಗಳನ್ನೂ ಹುಡುಕಿದೆ. ಅಂಥ ಮೆಟ್ಟಿಲು ಅಲ್ಲಿ ಹತ್ತು ಕಡೆ ಇವೆ. ಕೆಳಗಿನ ಹದಿನಾಲ್ಕು ಸಮನಾಗಿದ್ದು ಮೇಲಿನವು ಸೊಟ್ಟ ಇದ್ದದ್ದು ಒಂದೇ. ಅಲ್ಲಿ ಕೂತೆ.

ಊರು ಚೆಂದವಿದೆ, ಸುಳ್ಳು ಹೇಳುವುದಿಲ್ಲ. ಹಳದಿ, ನೀಲಿ ಬಣ್ಣದ ಹಳೆಯ ಮನೆಗಳು, ಹೊಳೆಯಲ್ಲಿ ನಿಂತ ಜೂಜಿನ ಹಡಗುಗಳು, ಎತ್ತರದ ಬಿಳಿ ಚರ್ಚು. ಆದರೆ ನನಗೆ ಒಂದು ಕಡೆಯೂ ಕೂರಲಾಗಲಿಲ್ಲ. ಯಾವ ಕಟ್ಟಡ ಕಂಡರೂ ಅದರ ಬುಡ ನೋಡುತ್ತೇನೆ. ಯಾರಾದರೂ ಬುಟ್ಟಿ ಹೊತ್ತು ಹೋದರೆ ಅವರ ಮಾತಿಗೆ ಕಿವಿಗೊಡುತ್ತೇನೆ. ಎಲ್ಲ ಕಡೆ ನಮ್ಮ ಮಾತು! ಸಮುದ್ರದ ದಂಡೆ ಗುಡಿಸುತ್ತಿದ್ದ ಒಬ್ಬಾಕೆಯ ಸೀರೆಯ ಕಚ್ಚೆ ನೋಡಿಯೇ ನಮ್ಮ ಕಡೆಯವಳು ಎಂದು ಗೊತ್ತಾಯಿತು. ನಾನೇ ಮಾತಾಡಿಸಿದೆ.

"ಯಾವೂರ ಬೇ ನಿಮ್ದು?"

"ನಾಲತವಾಡ. ನೀವು?"

"ಢವಳಗಿ."

"ಅಯ್ಯ ನನ್ನವ್ವ! ನೋಡಾಕ ಬಂದೀರೇನು?"

"ಹೌದ್ರಿ, ಮೂರು ದಿನ."

ಅವಳು ಕಸಬರಿಗೆಯ ಮೇಲೆ ಗದ್ದವಿಟ್ಟು ನಕ್ಕಳು. "ನಾ ಬಂದು ಹನ್ನೊಂದು ವರ್ಷ ಆತು. ಒಂದು ದಿನಾನೂ ನೋಡಿಲ್ಲ." ಹೆಸರು ಗುಂಡವ್ವ. ಪಲ್ಲವಿ ಅವಳ ಫೋಟೋ ತೆಗೆದಳು. ಕಳಿಸುತ್ತೇನೆ ಎಂದು ನಂಬರನ್ನೂ ತೆಗೆದುಕೊಂಡಳು. ಆಮೇಲೆ ನನಗೆ ಬೈದಳು: "ನೀವು ರಜಾಕ್ಕ ಬಂದೀರೋ, ಜನಗಣತಿಗೆ ಬಂದೀರೋ?"

ದೋಣಿಯನ್ನೂ ಹತ್ತಿದೆವು. ಇಳಿಯದೆ ಎರಡು ಸಲ ಹೋಗಿ ಬಂದೆವು. ನೀನು "ನಾವಿಬ್ಬರೂ" ಎಂದು ಬರೆದಿದ್ದೆ. ಸತ್ತುಹೋದ ಗೆಳೆಯ ಅವನೇ ಇರಬೇಕು ಎಂದುಕೊಂಡೆ.

ಸುಜಾತಾ


ತಾಂಬಾ
23 ಏಪ್ರಿಲ್ 2025

ಅಪ್ಪಾ,

ಪಲ್ಲವಿಯ ಅಣ್ಣನ ಮನೆಯ ಕಾರ್ಯಕ್ರಮ ಮುಗಿಸಿ ಬಂದು ಬೀಗ ತೆಗೆದರೆ ಬಾಗಿಲ ಕೆಳಗೆ ನಿನ್ನ 13ರ ಪತ್ರ ಬಿದ್ದಿತ್ತು. ಚಪ್ಪಲಿ ಬಿಡದೆ ನಿಂತೇ ಓದಿದೆ.

ಗೈಬುಸಾಬ ಯಾರು? ಅವ್ವ ಹೇಳಿದ್ದು ಇವನ ಬಗ್ಗೆಯೇ? ಹಾಗಿದ್ದರೆ ಸತ್ತ ಎಂದು ಯಾಕೆ ಹೇಳಿದೆ? ಬದುಕಿದ್ದರೆ ಇಪ್ಪತ್ತೆರಡು ವರ್ಷ ಯಾಕೆ ಹುಡುಕಲಿಲ್ಲ? ನನ್ನ ಅಪ್ಪನ ಹೆಸರನ್ನು ನಾನು ಸುಳ್ಳು ಹೇಳಬೇಕಾದಂಥದ್ದು ಏನಾಗಿದೆ?

ಮೂರು ದಿನ ನಾನು ಆ ಊರಿನಲ್ಲಿ ಇದ್ದೆ. ಒಂದು ಕೈ ಇಲ್ಲದವರನ್ನು ಎಷ್ಟು ಜನರನ್ನು ನೋಡಿದೆನೋ ಎಂದು ಈಗ ನೆನಪಿಸಿಕೊಳ್ಳುತ್ತಾ ಕೂತಿದ್ದೇನೆ.

ನನಗೆ ಪೂರ್ತಿ ಬರೆ. ಇಲ್ಲದಿದ್ದರೆ ಬರೆಯಲೇ ಬೇಡ.

ಸುಜಾತಾ


ಢವಳಗಿ
11 ಮೇ 2025

ಯವ್ವಾ ಸುಜಾತಾ,

ಇದನ್ನು ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು.

ನನ್ನ ಕಿವಿ ಆ ಮದ್ದಿನಿಂದ ಹೋದದ್ದಲ್ಲ. ಅದಕ್ಕಿಂತ ಎರಡು ವರ್ಷ ಮೊದಲೇ ಹೋಗುತ್ತಾ ಬಂದಿತ್ತು. ದಿನವೂ ಬಂಡೆ ಕೊರೆಯುವ ಮಷೀನಿನ ಹತ್ತಿರ ನಿಂತರೆ ಹಾಗಾಗುತ್ತದೆ. ಕಿವುಡನಿಗೆ ಖಣಿಯಲ್ಲಿ ಕೆಲಸವಿಲ್ಲ. ಅದಕ್ಕೆ ಯಾರಿಗೂ ಹೇಳಲಿಲ್ಲ. ಮಂದಿಯ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದೆ. ಗೈಬುಸಾಬನಿಗೂ ಹೇಳಿರಲಿಲ್ಲ.

ಮದ್ದಿನ ಬತ್ತಿ ಹಚ್ಚುವುದು ನನ್ನ ಕೆಲಸ. ಆರು ತೂತಿಗೆ ಮದ್ದು ತುಂಬಿದರೆ ಆರು ಸಪ್ಪಳ ಆಗಬೇಕು. ಎಣಿಸಿ, ಆರೂ ಆದವು ಎಂದು ನಾನು ಹೇಳಿದ ಮೇಲೆ ಉಳಿದವರು ಕಲ್ಲು ಎತ್ತಲು ಹೋಗುವುದು. ನನಗೆ ಸಪ್ಪಳ ಕೇಳುತ್ತಿರಲಿಲ್ಲ. ಅಂಗಾಲಿನಿಂದ ಎಣಿಸುತ್ತಿದ್ದೆ. ನೆಲ ನಡುಗುವುದು ಗೊತ್ತಾಗುತ್ತದೆ. ಎರಡು ವರ್ಷ ಒಂದೂ ತಪ್ಪಲಿಲ್ಲ.

ಆ ದಿನ ಐದು ಗೊತ್ತಾಯಿತು. ಆರನೆಯದು ಬಂತೋ ಇಲ್ಲವೋ ತಿಳಿಯಲಿಲ್ಲ. ಗುತ್ತೇದಾರ ಗಡಿಯಾರ ನೋಡುತ್ತಿದ್ದ. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಗೈಬುಸಾಬನೂ ನೋಡುತ್ತಿದ್ದ. "ಆರೂ ಆದವು" ಎಂದೆ. ಅವನೇ ಮೊದಲು ಹೋದ. ಆರನೆಯದು ಆಗ ಸಿಡಿಯಿತು.

ದವಾಖಾನೆಯಲ್ಲಿ ಅವನ ಹತ್ತಿರ ಮೂರು ದಿನ ಕೂತಿದ್ದೆ. ಮೂರನೆಯ ದಿನ ಅವನಿಗೆ ಎಚ್ಚರವಾಯಿತು. ನನ್ನನ್ನು ನೋಡಿ ಏನೋ ಹೇಳಿದ. ತುಟಿ ಒಡೆದು ಬಾತಿತ್ತು, ನನಗೆ ತಿಳಿಯಲಿಲ್ಲ. ಮತ್ತೆ ಹೇಳಿದ. ಎಷ್ಟು ಕೇಳಿಸಿದವು ಎಂದು ಕೇಳುತ್ತಿದ್ದಾನೆ ಅನ್ನಿಸಿತು. ಚಹಾ ತರುತ್ತೇನೆ ಎಂದು ಎದ್ದೆ. ಹೊರಗೆ ಬಂದು ಬಸ್ಸು ಹತ್ತಿದೆ.

ಊರಲ್ಲಿ ಎಲ್ಲರೂ ಅದೇ ಮದ್ದಿಗೆ ನನ್ನ ಕಿವಿಯೂ ಹೋಯಿತು ಎಂದರು. ನಾನು ಸುಮ್ಮನಿದ್ದೆ. ನಿಮ್ಮವ್ವ ಗೈಬುಸಾಬ ಎಲ್ಲಿ ಎಂದಳು. ಸತ್ತ ಎಂದೆ.

ಇದೇ ಪೂರ್ತಿ.

ಅಪ್ಪ


ತಾಂಬಾ
25 ಮೇ 2025

ಅಪ್ಪಾ,

ಎರಡು ವಾರ ಉತ್ತರ ಬರೆಯಲಾಗಲಿಲ್ಲ. ಬರೆದರೆ ಎಂಥ ಮಾತು ಬರುತ್ತದೋ ಎಂದು ಹೆದರಿದ್ದೆ.

ಸಣ್ಣವಳಿದ್ದಾಗ ನಾನು ಶಾಲೆಯಲ್ಲಿ ನಿನ್ನ ಕಿವಿಯ ಕಥೆ ಹೇಳುತ್ತಿದ್ದೆ. ನಮ್ಮ ಅಪ್ಪ ಮದ್ದಿನ ಎದುರು ನಿಂತು ಬದುಕಿ ಬಂದವನು ಎಂದು. ಯಾರಾದರೂ "ಕಿವುಡನ ಮಗಳು" ಎಂದರೆ ಹೊಡೆದಾಡುತ್ತಿದ್ದೆ. ನೀನು ಅದನ್ನೆಲ್ಲ ನೋಡಿದ್ದೀಯ.

ಕೆಲಸ ಹೋಗುತ್ತದೆ ಎಂದು ಕಿವಿಯ ಸುದ್ದಿ ಮುಚ್ಚಿಟ್ಟೆ, ಅದು ನನಗೆ ಅರ್ಥವಾಗುತ್ತದೆ. ಆ ದುಡಿಮೆಯಲ್ಲೇ ನಾನು ಓದಿದ್ದು. ಆರು ಎಂದದ್ದೂ ಒಂದು ಗಳಿಗೆಯ ಭಯ ಎನ್ನೋಣ. ಆದರೆ ಚಹಾ ತರುತ್ತೇನೆ ಎಂದು ಎದ್ದು ಬಂದದ್ದು? ಎಷ್ಟು ಸಲ ಓದಿದರೂ ನಾನು ಅಲ್ಲಿಯೇ ನಿಲ್ಲುತ್ತೇನೆ.

ಅವ್ವನಿಗೆ ಹೇಳು. ನಾನು ಹೇಳುವುದಿಲ್ಲ, ನೀನೇ ಹೇಳಬೇಕು.

ಸುಜಾತಾ


ತಾಂಬಾ
29 ಜೂನ್ 2025

ಅಪ್ಪಾ,

ನಿನ್ನಿಂದ ಪತ್ರವಿಲ್ಲ. ಸೋಮನಿಂಗ ಕಾಕಾನಿಗೆ ಫೋನ್ ಮಾಡಿದರೆ, "ಮಾಳಿಂಗಣ್ಣ ಊಟ ಸರಿ ಮಾಡವಲ್ಲ, ಕುರಿ ಹೊಡ್ಕೊಂಡು ಹೋದ್ರ ಹೊತ್ತು ಮುಳುಗಿದ ಮ್ಯಾಲ ಬರ್ತಾನ" ಎಂದ.

ಇಲ್ಲಿ ನಾನೂ ಹಾಗೆಯೇ ಇದ್ದೇನೆ. ತರಗತಿಯಲ್ಲಿ ಪಾಠ ಅರ್ಧಕ್ಕೆ ಮರೆಯುತ್ತದೆ. ಕೊನೆಗೆ ತಡೆಯಲಾಗದೆ ದಂಡೆ ಗುಡಿಸುವ ಗುಂಡವ್ವನಿಗೆ ಫೋನ್ ಮಾಡಿದೆ. "ಒಂದು ಕೈ ಇಲ್ಲದಾಂವ, ಗೈಬುಸಾಬ, ಸಿಂದಗಿ ಕಡೆ" ಎಂದೆ. ಹದಿನೈದು ದಿನ ಸುದ್ದಿಯಿಲ್ಲ. ನಿನ್ನೆ ಅವಳೇ ಫೋನ್ ಮಾಡಿದಳು.

"ಅಕ್ಕಾರ, ಅದಾನ್ರಿ. ಒಂದು ಅಪಾರ್ಟ್‌ಮೆಂಟಿನ್ಯಾಗ ವಾಚಮನ್ ಅದಾನ. ಹೆಣ್ತಿ ತೀರಿ ನಾಕು ವರ್ಷ ಆತಂತ. ಮಗಳು ಸುಲ್ತಾನಾ ಹೋಟೆಲಿನ್ಯಾಗ ಬಟ್ಟಿ ಒಗೀತಾಳ. ನಿಮಗ ಏನಾಗಬೇಕ್ರಿ ಅವರು?"

ಮೊದಲು ವಿಳಾಸ ಹೇಳು ಎಂದು ಬರೆದುಕೊಂಡೆ.

ಅಪ್ಪಾ, ಮೇ ತಿಂಗಳಲ್ಲಿ ಬಿರುಸಾಗಿ ಬರೆದೆ. ಒಂದು ಮಾತನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ವಿಳಾಸ ಈ ಪತ್ರದ ಹಿಂದೆ ಬರೆದಿದ್ದೇನೆ. ಹೋಗುವುದಾದರೆ ನಾನು ರಜೆ ಹಾಕಿ ಜೊತೆಗೆ ಬರುತ್ತೇನೆ.

ಸುಜಾತಾ


ಢವಳಗಿ
20 ಜುಲೈ 2025

ಯವ್ವಾ ಸುಜಾತಾ,

ನಿಮ್ಮವ್ವನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಪೂರ್ತಿ ಕೇಳುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ಅದನ್ನು ತೆಗೆದು ಬದಿಗಿಟ್ಟು ನನ್ನ ಕಡೆ ತಿರುಗಿ, ನನಗೆ ತುಟಿ ಕಾಣುವ ಹಾಗೆ ನಿಧಾನಕ್ಕೆ ಹೇಳಿದಳು: "ಗೈಬುಸಾಬನ ಹೆಣ್ತಿ ಇರೂಮುಂದ ಆಕಿ ಗಂಡನ್ನ ನೀ ಸಾಯಿಸಿಟ್ಟಿ. ನಾ ಆಕಿಗಿ ಸಮಾಧಾನದ ಒಂದು ಮಾತು ಹೇಳಿ ಕಳಸಲಿಲ್ಲ. ನನ್ನೂ ನಿನ್ನ ಪಾಪದಾಗ ಕೂಡಿಸಿಕೊಂಡಿ."

ಆಮೇಲೆ ನಾಲ್ಕು ದಿನ ನನಗೆ ಊಟಕ್ಕೆ ಬಡಿಸಿದಳು, ಮುಖ ಕೊಡಲಿಲ್ಲ. ಐದನೆಯ ದಿನ ನನ್ನ ಅಂಗಿ ಒಗೆದು ಚೀಲಕ್ಕೆ ಹಾಕಿದಳು. 

ನೀನು ಬರಬೇಡ. ಹೋದ ಸಲ ನನ್ನ ಸುಳ್ಳನ್ನು ನಿನ್ನ ಕೈಯಲ್ಲಿ ಕೊಟ್ಟು ಕಳಿಸಬೇಕೆಂದಿದ್ದೆ. ಈ ಸಲ ನಾನೇ ಹೋಗುತ್ತೇನೆ. ಆಗಸ್ಟ್ 4ಕ್ಕೆ ಅಲ್ಲಿರುತ್ತೇನೆ. ಕುರಿ ಸೋಮನಿಂಗ ನೋಡಿಕೊಳ್ಳುತ್ತಾನೆ, ಅವನು ಮೂರು ದಿನಕ್ಕೆ ಒಪ್ಪಿದ್ದಾನೆ. ಗುರುವಾರ ವಾಪಸ್ಸು ಬರುವ ಟಿಕೆಟ್ ಮಾಡಿಸಿದ್ದೇನೆ.

ಎರಡು ಸಲ ಬಸ್ಸು ಬದಲಿಸಬೇಕು. ಬಾಗೇವಾಡಿಯ ತನಕ ಹಾದಿ ಗೊತ್ತು. ಮುಂದಿನದು ಮರೆತಿದೆ.

ಅಪ್ಪ


ಪಣಜಿ
9 ಆಗಸ್ಟ್ 2025

ಯವ್ವಾ ಸುಜಾತಾ,

ಗುಂಡವ್ವನ ಖೋಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಅವಳೂ ಅವಳ ಗಂಡನೂ ಒಳ್ಳೆಯವರು, ನೀನು ಹೇಳಿದ್ದೆ ಎಂದು ಇಟ್ಟುಕೊಂಡಿದ್ದಾರೆ. ಮಳೆ ನಿಂತಿಲ್ಲ. ಗುರುವಾರ ಬರುವವನು ಯಾಕೆ ಬರಲಿಲ್ಲ ಎಂದು ನೀವು ಗಾಬರಿಯಾಗಿದ್ದೀರಿ, ನಾನು ಇಲ್ಲೇ ಇದ್ದೇನೆ ಎಂದು ಗುಂಡವ್ವ ನಿಮಗೆ ಫೋನಿನಲ್ಲಿ ಹೇಳಿದಳಂತೆ. ನಡೆದದ್ದು ಬರೆಯುತ್ತೇನೆ.

ಸೋಮವಾರ ಆ ಗೇಟಿಗೆ ಹೋದೆ. ನೀಲಿ ಅಂಗಿ, ಎಡಗೈ ತೋಳು ಮಡಚಿ ಪಿನ್ನು ಹಾಕಿದ್ದ. ನೋಡಿದ ಕೂಡಲೇ ಗುರುತು ಹಿಡಿದ. ಎದ್ದು ತನ್ನ ಸಣ್ಣ ಖೋಲಿಯೊಳಗೆ ಹೋಗಿ ಬಾಗಿಲು ಹಾಕಿಕೊಂಡ. ಮಧ್ಯಾಹ್ನದ ತನಕ ಹೊರಗೆ ಮಳೆಯಲ್ಲಿ ನಿಂತೆ. ಗಾಡಿಗಳು ಬಂದಾಗ ಹೊರಗೆ ಬಂದು ಗೇಟು ತೆಗೆಯುತ್ತಿದ್ದ, ನನ್ನನ್ನು ದಾಟಿ ನೋಡುತ್ತಿದ್ದ.

ಮಂಗಳವಾರ ಮತ್ತೆ ಹೋದೆ. ಮಗಳು ಬುತ್ತಿ ತಂದಿದ್ದಳು. ನಿನಗಿಂತ ಸಣ್ಣವಳು. ಅಪ್ಪನ ಜೊತೆ ಏನೋ ಮಾತಾಡಿ ನನ್ನ ಹತ್ತಿರ ಬಂದಳು. ನಾನು ಕಿವಿ ತೋರಿಸಿ ಕೈ ಅಲ್ಲಾಡಿಸಿದೆ. ಅವಳು ಇಲ್ಲಿಯ ಕನ್ನಡ ಸಾಲಿಯಲ್ಲಿ ನಾಲ್ಕನೆಯ ಇಯತ್ತೆಯ ತನಕ ಓದಿದ್ದಾಳಂತೆ. ಚೀಲದಿಂದ ಕಾಗದ ತೆಗೆದು ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆದಳು. ಆ ಕಾಗದಗಳು ನನ್ನ ಹತ್ತಿರವೇ ಇವೆ, ನೋಡಿಕೊಂಡು ಬರೆಯುತ್ತಿದ್ದೇನೆ.

"ಎಷ್ಟು ದಿನಕ್ಕ ಬಂದೀ ಅಂತ ನಮ್ಮ ಅಬ್ಬಾ ಕೇಳಾಕತ್ತಾರ."

ಮೂರು ದಿನ ಎಂದೆ. ಅವನು ನಕ್ಕ. ಏನೋ ಹೇಳಿದ. ಅವಳು ಬರೆಯಲು ಹಿಂದೆ ಮುಂದೆ ನೋಡಿದಳು, ಅವನು ಬರೆ ಎಂದು ಸನ್ನೆ ಮಾಡಿದ.

"ಅವತ್ತೂ ಮೂರು ದಿನ ಇದ್ದಿ."

ಅಲ್ಲಿಂದ ನೆಟ್ಟಗೆ ಬಸ್ ಸ್ಟ್ಯಾಂಡಿಗೆ ಹೋಗಿ ಟಿಕೆಟ್ ರದ್ದು ಮಾಡಿಸಿದೆ. ಬುಧವಾರ ಹೋದೆ, ಮತ್ತೆ ಬಾಗಿಲು ಹಾಕಿಕೊಂಡ. ಗುರುವಾರ ಹೋದಾಗ ಎರಡು ಗಾಡಿಗಳಿಗೆ ಗೇಟು ತೆಗೆದ. ಆಮೇಲೆ ಕಾಲಿನಿಂದ ಒಂದು ಪ್ಲಾಸ್ಟಿಕ್ ಕುರ್ಚಿ ನನ್ನ ಕಡೆ ನೂಕಿದ.

ಸುಲ್ತಾನಾ ಬರುವ ತನಕ ಇಬ್ಬರೂ ಮಳೆ ನೋಡುತ್ತಾ ಕೂತೆವು. ಅವಳು ಬಂದ ಮೇಲೆ ನಾನೇ ಮೊದಲು ಹೇಳಿದೆ. ನನ್ನ ಕಿವಿ ಮೊದಲೇ ಹೋಗಿತ್ತು, ಐದೇ ಗೊತ್ತಾದವು, ಆರು ಎಂದೆ, ನಿನ್ನ ಕೈ ನಾನು ಕಳೆದೆ ಎಂದೆ. ಮಗಳ ಎದುರಿಗೇ ಹೇಳಿದೆ. ಅವಳು ಅಪ್ಪನ ಮುಖ ನೋಡಿದಳು. ಅವನು ಹೇಳುತ್ತಾ ಹೋದ, ಅವಳು ಬರೆಯುತ್ತಾ ಹೋದಳು.

"ನಿನ್ನ ಕಿವಿ ಹೋದದ್ದು ನನಗ ಗೊತ್ತಿತ್ತು. ಹಿಂದಿನಿಂದ ಕರದ್ರ ನೀ ಹೊಳ್ಳಿ ನೋಡ್ತಿರಲಿಲ್ಲ. ಒಂದ ತಾಟಿನ್ಯಾಗ ಉಣ್ಣಾಂವಗ ಗೊತ್ತಾಗೂದಿಲ್ಲೇನು? ಅವತ್ತ ನನಗೂ ಐದ ಕೇಳಿಸಿದ್ದವು."

ಮತ್ತೆ ಯಾಕೆ ಹೋದೆ ಎಂದು ಕೇಳಿದೆ.

"ಐದ ಅಂದಿದ್ರ ನಿನ್ನ ಸುದ್ದಿ ಗುತ್ತೇದಾರನ ಮುಂದ ಬಯಲಿಗಿ ಬೀಳ್ತಿತ್ತು. ಉಳಿದ ಮಂದಿ ಹೋಗೂಕಿಂತ ಮೊದಲ ನಾ ಒಬ್ಬಾಂವ ಹೋಗಿ, ಆರನೇದರ ಬತ್ತಿ ದೂರಿಂದ ನೋಡಿ ಬರೂಣಂತ ಹೋದೆ. ಅಷ್ಟು ವ್ಯಾಳ್ಯಾ ಅದು ಕೊಡಲಿಲ್ಲ."

ಸುಜಾತಾ, ಆ ಕಾಗದವನ್ನು ಎರಡು ಸಲ ಓದಿದೆ. ಅಷ್ಟು ಹೇಳಿ ಅವನಿಗೆ ಸಮಾಧಾನವಾಗಲಿಲ್ಲ. ಸಿಟ್ಟು ಏರಿತು. ಎದ್ದು ನಿಂತು ಹೇಳಿದ. ಅವಳಿಗೆ ಬರೆಯಲು ಆಗುತ್ತಿರಲಿಲ್ಲ, ಅಳುತ್ತಿದ್ದಳು. ಆದರೂ ಬರೆದಳು.

"ಕೈ ಹೋದದ್ರಾಗ ನಿಂದೂ ತಪ್ಪೈತಿ, ನಂದೂ ತಪ್ಪೈತಿ. ನೀ ಎದ್ದು ಹೋದದ್ದು ನಿನ್ನ ಒಬ್ಬನ ತಪ್ಪು. ಚಹಾ ತರ್ತೇನಿ ಅಂದಿ. ಬಾಗಲಾ ನೋಡ್ಕೋತ ಬಿದ್ದಿದ್ದೆ. ಊರಿಗಿ ಯಾರ ಕರಕೊಂಡು ಹೋಗಬೇಕಿತ್ತು ನನ್ನ? ಹೆಣ್ತೀನ ಇಲ್ಲಿಗಿ ಬಂದಳು. ಹಿಂಗಾಗಿ ಇಲ್ಲೇ ಉಳದೆ."

 ಒಂದೇ ಒಂದು ಕೇಳಿದೆ. ಅವತ್ತು ದವಾಖಾನೆಯಲ್ಲಿ ಎಚ್ಚರವಾದಾಗ ನನಗೆ ಏನು ಹೇಳುತ್ತಿದ್ದೆ ಎಂದು.

ಅವನು ಅವಳಿಗೆ ಹೇಳಿದ. ಅವಳು ಒಂದೇ ಶಬ್ದ ಬರೆದಳು.

"ನೀರು."

ಶುಕ್ರವಾರ ನಾನು ಹೋಗಬಾರದೆಂದುಕೊಂಡೆ, ಕಾಲು ಅಲ್ಲಿಗೇ ಹೋದವು.  ಅವನು ಒಂದು ಕೈಯಿಂದ ಬುತ್ತಿಯ ಮುಚ್ಚಳ ತೆಗೆಯುವುದು ನೋಡಿ ತೆಗೆದುಕೊಡಲು ಹೋದೆ. ಕೈ ಸರಿಸಿದ. ಇಪ್ಪತ್ತೆರಡು ವರ್ಷದಿಂದ ಅವನೇ ತೆಗೆದುಕೊಂಡಿದ್ದಾನೆ.

ಇಂದು ಶನಿವಾರ. ಮಧ್ಯಾಹ್ನ ಅವನು ಔಷಧಿ ಅಂಗಡಿಗೆ ಹೋಗುವುದಿತ್ತು, ಬದಲಿ ಮನುಷ್ಯ ಬಂದಿರಲಿಲ್ಲ. ನನ್ನನ್ನು ತನ್ನ ಕುರ್ಚಿಯಲ್ಲಿ ಕೂರು ಎಂದು ಸನ್ನೆ ಮಾಡಿದ. ಗಾಡಿ ಬಂದು ಹಾರ್ನ್ ಹೊಡೆದರೆ ನನಗೆ ಕೇಳುವುದಿಲ್ಲ ಎಂದೆ. ಅಲ್ಲಿ ನಿಂತಿದ್ದ ನಾಲ್ಕು ಮಂದಿಗೆ ಕೇಳುವ ಹಾಗೆ ಹೇಳಿದೆನಂತೆ, ಎಲ್ಲರೂ ತಿರುಗಿ ನೋಡಿದರು. ಅವನು ನನ್ನ ಗದ್ದ ಹಿಡಿದು ಮುಖ ತನ್ನ ಕಡೆ ತಿರುಗಿಸಿ ಹೇಳಿದ. ಈ ಸಲ ತುಟಿ ಓದಲು ಬಂತು.

"ಗೊತ್ತೈತಿ. ಕಣ್ಣು ತೆರಕೊಂಡು ಕುಂದ್ರು."

ಕೊಡೆ ಹಿಡಿದು ಹೋದ. ನಾನು ರಸ್ತೆಯ ಎರಡೂ ಕಡೆ ನೋಡುತ್ತಾ ಕೂತೆ. ರೆಪ್ಪೆ ಮುಚ್ಚಲಿಲ್ಲ. ಒಂದು ಬಿಳಿ ಕಾರು ತಿರುವಿನಲ್ಲಿ ಕಂಡಿತು. ಅದು ಗೇಟಿಗೆ ಬರುವ ಮೊದಲೇ ಎದ್ದು ತೆಗೆದೆ.

ನಿನ್ನ ಅಪ್ಪ
ಮಾಳಿಂಗ